ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಂಟು ಬಂದದ್ದು ತೊಡೆಸಂದಿಗೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಚಳ್ಳಕೆರೆ ತಾಲ್ಲೂಕು. ಶೇಂಗಾ ಹೊಲ ಇದೆ, ಜೊತೆಗೆ ಕುರಿ. ವಯಸ್ಸು 48. ಮೂರು ವಾರದ ಹಿಂದೆ ಬಳ್ಳಾರಿ ಜಾಲಿ ಮುಳ್ಳು ಚಪ್ಪಲಿ ತೂರಿಕೊಂಡು ಅಂಗಾಲಿಗೆ ಹೊಕ್ಕಿತು. ಚಿಮಟದಲ್ಲಿ ಕಿತ್ತು ಎಕ್ಕದ ಹಾಲು ಬಿಟ್ಟೆ. ಮೂರನೇ ದಿನಕ್ಕೆ ಪಾದ ಬಾತು ಕೀವಾಯಿತು, ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟು, ಮೈಯೆಲ್ಲ ಚಳಿಜ್ವರ. ಆಸ್ಪತ್ರೆಯಲ್ಲಿ ಐದು ದಿನದ ಗುಳಿಗೆ ಕೊಟ್ಟರು, ಜ್ವರ ಬಿಟ್ಟಿತು. ಆದರೆ ಗಾಯ ಮುಚ್ಚಿಕೊಳ್ಳುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಒಡೆದು ಒಸರುತ್ತದೆ. ಕಾಲಿಗೆ ಚುಚ್ಚಿದರೆ ತೊಡೆಸಂದಿಗೆ ಗಂಟು ಯಾಕೆ ಬರುತ್ತದೆ? ನಮ್ಮವ್ವ ನಂಜಾಗುತ್ತದೆ ಅಂತ ಬದನೆಕಾಯಿ, ಶೇಂಗಾ, ಮೊಟ್ಟೆ ಎಲ್ಲ ಬಿಡಿಸಿದ್ದಾಳೆ. ನನ್ನ ಮಗನಿಗೂ ಮುಳ್ಳು ಚುಚ್ಚುತ್ತಲೇ ಇರುತ್ತದೆ, ಅವನಿಗೆ ಎರಡೇ ದಿನಕ್ಕೆ ವಾಸಿ. ನಿನಗೆ ಇಮ್ಯೂನಿಟಿ ಕಮ್ಮಿ, ಪೌಡರ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಟಿಟಿ ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದಾಗ ಹಾಕಿಸಿದ್ದೆ. ಅದು ಸಾಕಲ್ಲವೇ?

ಉತ್ತರ: ಪೌಡರ್ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಬಂದ ಅನುಮಾನ ಎರಡು. ಮುಳ್ಳಿನ ತುದಿ ಒಳಗೇ ಮುರಿದು ಕೂತಿರಬಹುದು. ಇಲ್ಲವೇ ನಿಮಗೆ ಗೊತ್ತಿಲ್ಲದಂತೆ ಸಕ್ಕರೆ ಕಾಯಿಲೆ ಶುರುವಾಗಿರಬಹುದು. ಎರಡೂ ಒಟ್ಟಿಗೆ ಇದ್ದರೂ ಆಶ್ಚರ್ಯವಿಲ್ಲ. ಈ ವಾರವೇ ಎರಡನ್ನೂ ನೋಡಿಸಿಕೊಳ್ಳಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದು, ಆ ಮುಳ್ಳು ಒಳಗೆ ಹೊಕ್ಕ ಗಳಿಗೆಯಿಂದ ನಿಮ್ಮ ಮೈಯಲ್ಲಿ ಏನೇನು ನಡೆಯಿತು ಅಂತ ತಿಳಿದರೆ ತಾನಾಗಿ ಗೊತ್ತಾಗುತ್ತದೆ.

ನಮ್ಮ ಮೈಗೆ ಮೊದಲ ಕಾವಲು ಚರ್ಮ. ಅಂಗಾಲಿನಲ್ಲಿ ಅದರ ಹೊರಪದರವೇ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಮೇಲಿನ ಕೋಶಗಳು ಸತ್ತು ಒಣಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಉದುರುತ್ತಿರುತ್ತವೆ, ಕೆಳಗಿನಿಂದ ಹೊಸವು ಬರುತ್ತಿರುತ್ತವೆ. ಬೆವರಿನಿಂದ, ಜಿಡ್ಡಿನಿಂದ ಚರ್ಮ ಸ್ವಲ್ಪ ಹುಳಿಯಾಗಿರುತ್ತದೆ. ಬಹಳ ಜಾತಿಯ ಬ್ಯಾಕ್ಟೀರಿಯಾಗಳಿಗೆ ಆ ಹುಳಿ ಆಗುವುದಿಲ್ಲ. ಅಲ್ಲೇ ವಾಸವಾಗಿರುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಹೊರಗಿನವಕ್ಕೆ ಜಾಗ ಬಿಡುವುದಿಲ್ಲ. ಕಣ್ಣೀರು, ಎಂಜಲು, ಮೂಗಿನ ಸಿಂಬಳ, ಹೊಟ್ಟೆಯ ಆಮ್ಲ, ಇವೂ ಇದೇ ಕೆಲಸದವು. ಕಣ್ಣೀರಿನಲ್ಲಿ, ಎಂಜಲಿನಲ್ಲಿ ಲೈಸೋಜೈಮ್ ಎಂಬ ವಸ್ತುವಿದೆ, ಬ್ಯಾಕ್ಟೀರಿಯಾದ ಗೋಡೆಯನ್ನೇ ಕರಗಿಸುತ್ತದೆ. ಅದನ್ನು ಕಂಡವರು ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಇಷ್ಟೆಲ್ಲ ಇದ್ದರೂ ಬಳ್ಳಾರಿ ಜಾಲಿಯ ಉದ್ದನೆಯ ಮುಳ್ಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದು ಚರ್ಮವನ್ನು ದಾಟಿ, ತನ್ನ ಮೈಮೇಲಿನ ಮಣ್ಣು, ಕುರಿಹಿಕ್ಕೆಯ ಧೂಳು, ನಿಮ್ಮ ಚರ್ಮದ ಮೇಲಿದ್ದ ಬ್ಯಾಕ್ಟೀರಿಯಾ ಎಲ್ಲವನ್ನೂ ಆಳಕ್ಕೆ ತಳ್ಳಿಬಿಡುತ್ತದೆ. ಬ್ಲೇಡು ತಾಗಿದ ಗಾಯವಾದರೆ ರಕ್ತ ಹರಿದು ಒಂದಿಷ್ಟು ಕೊಳೆ ತೊಳೆದುಹೋಗುತ್ತದೆ. ಮುಳ್ಳಿನ ಗಾಯದ ಬಾಯಿ ಕಿರಿದು, ಕೂಡಲೇ ಮುಚ್ಚಿಕೊಳ್ಳುತ್ತದೆ. ಒಳಗೆ ಬೆಚ್ಚಗೆ, ಗಾಳಿಯಿಲ್ಲ, ತಿನ್ನಲು ಬೇಕಾದಷ್ಟಿದೆ. ಇಂಥ ಕಡೆ ಕೆಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು.

ಆ ಜಾಗದಲ್ಲಿ ಮೊದಲೇ ಕೂತಿರುವ ಕೋಶವೊಂದಿದೆ, ಮ್ಯಾಕ್ರೋಫೇಜ್ ಅಂತ ಹೆಸರು. ದುರ್ಗದ ಸೀಮೆಯವರಿಗೆ ಇದನ್ನು ಹೇಳುವಾಗ ಓಬವ್ವನನ್ನು ನೆನೆಯದೆ ಇರಲಾಗುವುದಿಲ್ಲ: ಸೈನ್ಯಕ್ಕೆ ಸುದ್ದಿ ಮುಟ್ಟುವ ಮೊದಲೇ ಕಿಂಡಿಯಲ್ಲಿ ಸಿಕ್ಕವರನ್ನು ಸಿಕ್ಕಲ್ಲೇ ಮುಗಿಸುವ ಕೆಲಸ ಅದರದು. ಅದು ಬ್ಯಾಕ್ಟೀರಿಯಾವನ್ನು ನುಂಗಿ ಅರಗಿಸುತ್ತದೆ. ಒಂದೊಂದು ರೋಗಾಣುವಿನ ಪರಿಚಯವೂ ಅದಕ್ಕೆ ಬೇಕಿಲ್ಲ. ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿ ನಮ್ಮ ಕೋಶಗಳಲ್ಲಿ ಇಲ್ಲದ ಕೆಲವು ವಸ್ತುಗಳಿರುತ್ತವೆ, ಅವನ್ನು ಹಿಡಿಯುವ ಗ್ರಾಹಕಗಳು ಹುಟ್ಟಿನಿಂದಲೇ ಅದರ ಮೈಮೇಲಿವೆ. ಈ ಗ್ರಾಹಕಗಳ ಗುಟ್ಟನ್ನು ಹಣ್ಣುನೊಣದಲ್ಲಿ ಮತ್ತು ಇಲಿಯಲ್ಲಿ ಬಿಡಿಸಿದ್ದಕ್ಕೆ ಜೂಲ್ಸ್ ಹಾಫ್‌ಮನ್, ಬ್ರೂಸ್ ಬ್ಯೂಟ್ಲರ್ ಇಬ್ಬರಿಗೆ 2011ರಲ್ಲಿ ನೊಬೆಲ್ ಸಂದಿತು.

ಹೀಗೆ ನುಂಗುವ ಕೋಶಗಳ ಕೆಲಸ ಮೊದಲು ಮನುಷ್ಯರಿಗೆ ಅರ್ಥವಾದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸಿನಾದಲ್ಲಿದ್ದ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ನಕ್ಷತ್ರಮೀನಿನ ಮರಿಗಳಿಗೆ ಮನೆಯ ಕೈತೋಟದ ಗುಲಾಬಿ ಮುಳ್ಳು ಚುಚ್ಚಿಟ್ಟರು. ಆ ಮರಿಗಳ ಮೈ ಗಾಜಿನಂತೆ, ಒಳಗಿನದೆಲ್ಲ ಕಾಣುತ್ತದೆ. ಬೆಳಗಾಗುವಷ್ಟರಲ್ಲಿ ಓಡಾಡುವ ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಆ ಕಾಲದ ಬಹಳ ಮಂದಿ ಪಂಡಿತರು ಬಿಳಿ ರಕ್ತಕಣಗಳು ರೋಗಾಣುವನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದೇ ನಂಬಿದ್ದರು. ಮೆಚ್ನಿಕಾಫ್ ಅವಕ್ಕೆ ತಿನ್ನುವ ಕೆಲಸ ಕೊಟ್ಟರು. 1908ರ ನೊಬೆಲ್ ಅವರಿಗೂ ಪಾಲ್ ಎರ್ಲಿಕ್ ಅವರಿಗೂ ಸೇರಿ ಬಂತು.

ಮ್ಯಾಕ್ರೋಫೇಜ್ ತಿನ್ನುವುದರ ಜೊತೆಗೆ ಕೂಗೂ ಹಾಕುತ್ತದೆ, ರಾಸಾಯನಿಕಗಳ ಮೂಲಕ. ಪಕ್ಕದ ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲವಾಗಿ ನೀರು ಹೊರಗೆ ಜಿನುಗುತ್ತದೆ, ಪಾದ ಬಾಯುತ್ತದೆ. ಅದೇ ರಾಸಾಯನಿಕಗಳು ನರವನ್ನು ಕೆಣಕುತ್ತವೆ, ನೋಯುತ್ತದೆ. ಕೆಂಪು, ಬಿಸಿ, ಬಾವು, ನೋವು ಎಂಬ ಈ ನಾಲ್ಕನ್ನು ರೋಮಿನ ಸೆಲ್ಸಸ್ ಮೊದಲನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಬಾವು ರೋಗಾಣು ಮಾಡಿದ್ದು ಎಂದು ನಾವು ತಿಳಿಯುತ್ತೇವೆ. ಹೆಚ್ಚುಪಾಲು ಅದು ನಮ್ಮ ಮೈಯೇ ಮಾಡಿಕೊಂಡದ್ದು. ಹಿಗ್ಗಿದ, ಸಡಿಲಾದ ನಾಳದಿಂದಲೇ ರಕ್ತದಲ್ಲಿರುವ ಕೋಶಗಳು ಹೊರಬರಬೇಕು.

ಹಾಗೆ ಬರುವುದರಲ್ಲಿ ಮುಖ್ಯವಾದವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ರಕ್ತ ಪರೀಕ್ಷೆಯ ಚೀಟಿಯಲ್ಲಿ ಟೋಟಲ್ ಕೌಂಟ್ 4,000ದಿಂದ 11,000 ಅಂತ ಬರೆದಿರುತ್ತದಲ್ಲ, ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾಮಾನ್ಯವಾಗಿ ಇವೇ. ಮೂಳೆಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು 10,000 ಕೋಟಿ ತಯಾರಾಗುತ್ತವೆ, ಸೋಂಕಿದ್ದರೆ ಇನ್ನೂ ಹೆಚ್ಚು. ಆಯಸ್ಸು ಬಹಳ ಕಡಿಮೆ. ಬಂದವು ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಬ್ಲೀಚಿಂಗ್ ಪುಡಿಯ ಜಾತಿಗೆ ಸೇರಿದ ರಾಸಾಯನಿಕವನ್ನು ತಮ್ಮೊಳಗೇ ತಯಾರಿಸಿ ಸುಡುತ್ತವೆ. ಇನ್ನೊಂದು ವಿಚಿತ್ರ 2004ರಲ್ಲಿ ಬರ್ಲಿನ್ನಿನ ಸಂಶೋಧಕರಿಂದ ಗೊತ್ತಾಯಿತು: ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಬೀಸಿ ಬ್ಯಾಕ್ಟೀರಿಯಾವನ್ನು ಸಿಕ್ಕಿಸಿಕೊಳ್ಳುತ್ತವೆ. ಬಲೆ ಬೀಸಿದ ಕೋಶ ಸಾಮಾನ್ಯವಾಗಿ ಸಾಯುತ್ತದೆ. ಸತ್ತ ನ್ಯೂಟ್ರೋಫಿಲ್, ಸತ್ತ ಮತ್ತು ಸಾಯದ ಬ್ಯಾಕ್ಟೀರಿಯಾ, ಕರಗಿದ ಮಾಂಸ, ಎಲ್ಲ ಸೇರಿದ್ದೇ ಕೀವು. ಅದಕ್ಕೆ ಒಮ್ಮೊಮ್ಮೆ ಕಾಣುವ ಹಸಿರು ಛಾಯೆಯೂ ನ್ಯೂಟ್ರೋಫಿಲ್‌ನೊಳಗಿನ ಒಂದು ಕಿಣ್ವದ ಬಣ್ಣವೇ ಹೆಚ್ಚಾಗಿ.

ಹಾಗಾಗಿ ಕೀವು ಕೆಟ್ಟ ರಕ್ತವಲ್ಲ. ಕೀವಾದರೆ ಒಳ್ಳೆಯದು ಎಂಬ ಮಾತೂ ಪೂರ್ತಿ ಸರಿಯಲ್ಲ, ಯುರೋಪಿನ ವೈದ್ಯರು ಶತಮಾನಗಟ್ಟಲೆ ಹಾಗೆ ನಂಬಿ ಬಹಳ ಗಾಯಗಳನ್ನು ಕೆಡಿಸಿದರು. ಕೀವು ಕಟ್ಟಿ ನಿಂತರೆ ಅದರೊಳಗೆ ರಕ್ತ ಓಡುವುದಿಲ್ಲ, ಗುಳಿಗೆಯ ಔಷಧವೂ ಸರಿಯಾಗಿ ತಲುಪುವುದಿಲ್ಲ. ಅಂಥದ್ದನ್ನು ಕೊಯ್ದು ಹೊರಗೆ ಬಿಡಲೇಬೇಕು. ಆದರೆ ಮನೆಯಲ್ಲಿ ಹಿಂಡಬೇಡಿ. ಹಿಂಡಿದರೆ ಅರ್ಧ ಹೊರಗೆ ಬಂದರೆ ಅರ್ಧ ಒಳಗೆ ಹರಡುತ್ತದೆ.

ಈಗ ನಿಮ್ಮ ಗಂಟು. ಬಾತ ಜಾಗದಲ್ಲಿ ಜಿನುಗಿದ ನೀರು ಹಾಗೇ ನಿಲ್ಲುವುದಿಲ್ಲ. ರಕ್ತನಾಳಗಳ ಪಕ್ಕದಲ್ಲೇ ಇನ್ನೊಂದು ಸಣ್ಣ ಕೊಳವೆಗಳ ಜಾಲವಿದೆ, ದುಗ್ಧನಾಳಗಳು ಅಂತ ಹೆಸರು. ಪಾದದ ನೀರು ಅವುಗಳ ಮೂಲಕ ಮೇಲೇರಿ, ಹೆಚ್ಚುಪಾಲು ತೊಡೆಸಂದಿಯ ದುಗ್ಧಗ್ರಂಥಿಗಳನ್ನು ಹಾದು, ಕೊನೆಗೆ ರಕ್ತಕ್ಕೆ ಸೇರುತ್ತದೆ. ಕೈಬೆರಳಿಗೆ ಗಾಯವಾದರೆ ಕಂಕುಳಲ್ಲಿ, ಗಂಟಲು ನೋವಿಗೆ ದವಡೆಯ ಕೆಳಗೆ ಗಂಟು ಬರುವುದೂ ಇದೇ ಲೆಕ್ಕ. ನೀರಿನ ಜೊತೆ ಡೆಂಡ್ರಿಟಿಕ್ ಕೋಶ ಎಂಬುದೂ ಬರುತ್ತದೆ. ಅದು ಗಾಯದ ಜಾಗದಲ್ಲಿ ಬ್ಯಾಕ್ಟೀರಿಯಾವನ್ನು ತಿಂದು, ಅದರ ಚೂರುಗಳನ್ನು ಮೈಮೇಲೆ ಅಂಟಿಸಿಕೊಂಡು ಗ್ರಂಥಿಗೆ ಬರುತ್ತದೆ. (ಇದನ್ನು ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್‌ಗೂ 2011ರ ಅದೇ ನೊಬೆಲ್‌ನಲ್ಲಿ ಪಾಲು ಬಂತು. ಪ್ರಶಸ್ತಿ ಘೋಷಿಸುವ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು, ನೊಬೆಲ್ ಸಮಿತಿಗೆ ಅದು ತಿಳಿದಿರಲಿಲ್ಲ.)

ಗ್ರಂಥಿಯಲ್ಲಿ ಟಿ ಕೋಶ, ಬಿ ಕೋಶ ಅಂತ ಎರಡು ಬಗೆಯ ಕೋಶಗಳು ತುಂಬಿರುತ್ತವೆ. ಒಂದೊಂದೂ ಒಂದೇ ಒಂದು ಆಕಾರವನ್ನು ಗುರುತಿಸಬಲ್ಲದು. ಯಾವ ರೋಗಾಣು ಬರುತ್ತದೆಂದು ಮೈಗೆ ಮೊದಲೇ ಗೊತ್ತಿಲ್ಲವಲ್ಲ, ಅದಕ್ಕೆ ಜೀನುಗಳ ತುಂಡುಗಳನ್ನು ಹೇಗೆಂದರೆ ಹಾಗೆ ಕತ್ತರಿಸಿ ಜೋಡಿಸಿ ಕೋಟ್ಯಂತರ ಬಗೆಯ ಕೋಶಗಳನ್ನು ಸುಮ್ಮನೆ ತಯಾರಿಸಿಟ್ಟುಕೊಂಡಿರುತ್ತದೆ. ಇದನ್ನು ತೋರಿಸಿಕೊಟ್ಟ ಜಪಾನಿನ ಸುಸುಮು ತೊನೆಗಾವಾ 1987ರಲ್ಲಿ ನೊಬೆಲ್ ಪಡೆದರು. ನಿಮ್ಮ ಪಾದದಲ್ಲಿರುವ ಬ್ಯಾಕ್ಟೀರಿಯಾದ ಒಂದು ಚೂರಿಗೆ ಸರಿಹೊಂದುವ ಟಿ ಕೋಶ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಇರುತ್ತದೆ. ಅದು ಸಿಗುವ ತನಕ ಗ್ರಂಥಿ ಹೋಗುವ ಬರುವ ಕೋಶಗಳನ್ನೆಲ್ಲ ತಡೆದು ನಿಲ್ಲಿಸಿಕೊಳ್ಳುತ್ತದೆ. ಸಿಕ್ಕ ಮೇಲೆ ಅದೊಂದು ಒಡೆದು ಸಾವಿರಗಟ್ಟಲೆಯಾಗುತ್ತದೆ. ಬಟಾಣಿಗಿಂತ ಚಿಕ್ಕದಿದ್ದ ಗ್ರಂಥಿ ನಿಮ್ಮ ಕೈಗೆ ಅಡಿಕೆಯಾಗಿ ಸಿಕ್ಕಿದ್ದು ಹಾಗೆ. ಒತ್ತಿದರೆ ನೋಯುವ, ಚರ್ಮದ ಕೆಳಗೆ ಜಾರುವ ಗಂಟು ಇಂಥದ್ದು. ಗಾಯ ಪೂರ್ತಿ ವಾಸಿಯಾಗಿ ತಿಂಗಳಾದ ಮೇಲೂ ದೊಡ್ಡದಾಗುತ್ತಲೇ ಹೋಗುವ, ಕಲ್ಲಿನಂತೆ ಗಟ್ಟಿಯಾದ, ನೋವೇ ಇಲ್ಲದ ಗಂಟಾದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಬಿ ಕೋಶಗಳು ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಹೊಸ ರೋಗಾಣುವಾದರೆ ಇದಕ್ಕೆ ವಾರದಿಂದ ಹತ್ತು ದಿನ ಬೇಕು. ಮೊದಲೇ ಕಂಡದ್ದಾದರೆ ಇದಕ್ಕಿಂತ ಬಹಳ ಬೇಗ ಆಗುತ್ತದೆ, ಯಾಕೆಂದರೆ ಹಿಂದಿನ ಸಲ ಬೆಳೆದ ಕೋಶಗಳಲ್ಲಿ ಕೆಲವು ವರ್ಷಗಟ್ಟಲೆ ಬದುಕಿ ಉಳಿದಿರುತ್ತವೆ. ಲಸಿಕೆ ಬಳಸಿಕೊಳ್ಳುವುದು ಇದನ್ನೇ.

ಜ್ವರವೂ ಮೈಯ ಕೆಲಸವೇ. ಮ್ಯಾಕ್ರೋಫೇಜ್‌ನ ರಾಸಾಯನಿಕಗಳು ಮೆದುಳಿಗೆ ತಲುಪಿದಾಗ ಅಲ್ಲಿ ಮೈಯ ಬಿಸಿಯ ಮಟ್ಟ ಏರುತ್ತದೆ. ಆ ಮಟ್ಟಕ್ಕೆ ಹೋಲಿಸಿದರೆ ಇರುವ ಬಿಸಿ ಕಡಿಮೆ ಅನ್ನಿಸಿ ಚಳಿಯಾಗುತ್ತದೆ, ನಡುಗುತ್ತೇವೆ, ಕಂಬಳಿ ಹೊದೆಯುತ್ತೇವೆ. 1975ರಲ್ಲಿ ಅಮೆರಿಕದಲ್ಲಿ ಮರುಭೂಮಿಯ ಇಗ್ವಾನಾ ಎಂಬ ಓತಿಕ್ಯಾತದ ಜಾತಿಯ ಪ್ರಾಣಿಗೆ ಸೋಂಕು ಹತ್ತಿಸಿ ನೋಡಿದರು. ಅದಕ್ಕೆ ತಾನಾಗಿ ಮೈ ಕಾಯಿಸಿಕೊಳ್ಳಲು ಬರುವುದಿಲ್ಲ. ಬಿಸಿ ಜಾಗದಲ್ಲಿಟ್ಟವು ಹೆಚ್ಚು ಬದುಕಿದವು, ತಂಪಿನಲ್ಲಿಟ್ಟವು ಹೆಚ್ಚು ಸತ್ತವು. ನೂರು, ನೂರೊಂದು ಡಿಗ್ರಿ ಜ್ವರಕ್ಕೆ ಗಾಬರಿಯಾಗುವುದು ಬೇಡ. ಮೈಕೈ ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ, ಅದರಿಂದ ಸೋಂಕು ವಾಸಿಯಾಯಿತು ಎಂದುಕೊಳ್ಳಬೇಡಿ, ಅಷ್ಟೇ.

ಇಲ್ಲೊಂದು ಮಾತು ಸಿಟ್ಟಿನಿಂದಲೇ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಒಂದು ಸೂಜಿ ಹಾಕಿಸಿಕೊಂಡರೆ ಸಂಜೆಯೊಳಗೆ ಜ್ವರ ಬಿಡಬೇಕು, ಬಿಡಿಸಿದವರೇ ಒಳ್ಳೆಯ ಡಾಕ್ಟರ್ ಎಂಬ ಲೆಕ್ಕವಿದೆ. ಆ ಸೂಜಿಯಲ್ಲಿ ಎಷ್ಟೋ ಸಲ ಇರುವುದು ಸ್ಟೀರಾಯ್ಡ್. ಅದು ಮೇಲೆ ಹೇಳಿದ ಕೂಗನ್ನೇ ಅಡಗಿಸುತ್ತದೆ. ಬಾವು ಇಳಿಯುತ್ತದೆ, ಜ್ವರ ಇಳಿಯುತ್ತದೆ, ಹಸಿವೂ ಆಗುತ್ತದೆ. ಒಳಗೆ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆಯುತ್ತಿರುತ್ತದೆ. ಯಾವ ಸೂಜಿ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ನಿಮ್ಮ ಗಾಯ ಯಾಕೆ ಒಣಗುತ್ತಿಲ್ಲ? ಮೊದಲ ಅನುಮಾನಕ್ಕೆ ಬರೋಣ. ಎಲೆಕ್ ಮತ್ತು ಕೊನೆನ್ ಎಂಬಿಬ್ಬರು 1957ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಪ್ಪಿಬಂದ ಮನುಷ್ಯರ ಚರ್ಮಕ್ಕೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದಾಗ ಕೀವಾಗಲು ಹತ್ತು ಲಕ್ಷಕ್ಕೂ ಹೆಚ್ಚು ಬೇಕಾದವು. ಜೊತೆಗೊಂದು ರೇಷ್ಮೆ ಹೊಲಿಗೆಯ ದಾರ ಒಳಗಿದ್ದರೆ ಕೆಲವೇ ನೂರು ಸಾಕಾದವು. ಹೊರಗಿನ ವಸ್ತುವಿಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಮೇಲೆ ಲೋಳೆಯ ಪದರ ಹೊದ್ದುಕೊಳ್ಳುತ್ತದೆ, ನ್ಯೂಟ್ರೋಫಿಲ್‌ಗೂ ಗುಳಿಗೆಗೂ ಸಿಗುವುದಿಲ್ಲ. ನೀವು ತೆಗೆದುಕೊಂಡ ಐದು ದಿನದ ಗುಳಿಗೆ ಸುತ್ತಲಿನ ಮಾಂಸದಲ್ಲಿದ್ದವನ್ನು ಕೊಂದಿತು, ಜ್ವರ ಬಿಟ್ಟಿತು. ತುದಿಗೆ ಅಂಟಿದವು ಉಳಿದವು. ಗಾಯ ಮುಚ್ಚುವುದು, ಮತ್ತೆ ಒಡೆಯುವುದು, ಇದು ಒಳಗೆ ಏನೋ ಉಳಿದಿದೆ ಎಂಬುದರ ಸರಿಯಾದ ಲಕ್ಷಣ. ಮುಳ್ಳು ಮರದ ಜಾತಿಯದಾದ್ದರಿಂದ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎಕ್ಸ್‌ರೇ ನಾರ್ಮಲ್ ಬಂತೆಂದು ಮನೆಗೆ ಹೋಗಬೇಡಿ, ಪಾದದ ಅಲ್ಟ್ರಾಸೌಂಡ್ ಕೇಳಿ. ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಸರ್ಜನ್ ಹತ್ತಿರ ಹೋದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ.

ಉಡಿದಾರಕ್ಕೆ ಕಟ್ಟಿದ ಚಿಮಟದಿಂದ ಕಿತ್ತ ಮುಳ್ಳಿನ ತುದಿಯನ್ನು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮೊನೆ ಚೂಪಾಗಿದ್ದರೆ ಪೂರ್ತಿ ಬಂದಿದೆ, ಮೊಂಡಾಗಿದ್ದರೆ ಉಳಿದಿದೆ. ಎಕ್ಕದ ಹಾಲು ಬೇಡ. ಅದು ಚರ್ಮವನ್ನು ಸುಡುತ್ತದೆ, ಕೈಗೆ ಅಂಟಿ ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ. ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆದರೆ ಸಾಕು.

ಮುಳ್ಳಿನ ಗಾಯ ಕೆಲವರಲ್ಲಿ ನೋವೇ ಇಲ್ಲದೆ ತಿಂಗಳುಗಟ್ಟಲೆ ಊದುತ್ತ ಹೋಗಿ, ಹಲವು ತೂತುಗಳಿಂದ ರವೆಯಂಥ ಕಾಳು ಉದುರುತ್ತದೆ. 1842ರಲ್ಲಿ ಮಧುರೆಯಲ್ಲಿ ಗುರುತಿಸಿದ್ದರಿಂದ ಅದಕ್ಕೆ ಮಧುರಾ ಪಾದ ಎಂಬ ಹೆಸರು ಬಂತು. ಬರಿಗಾಲಿನಲ್ಲಿ ಹೊಲ ಸುತ್ತುವವರಿಗೆ ಬರುವ ರೋಗ. ನಿಮ್ಮದು ಮೂರು ವಾರದ್ದು, ಜ್ವರ ಕೀವಿನಿಂದ ಶುರುವಾದದ್ದು, ಅದರಂತಿಲ್ಲ. ಆದರೂ ಕಾಳು ಕಂಡರೆ ಡಾಕ್ಟರಿಗೆ ತೋರಿಸಿ.

ಎರಡನೇ ಅನುಮಾನ ಸಕ್ಕರೆ. ರಕ್ತದಲ್ಲಿ ಸಕ್ಕರೆ ಏರಿದ್ದರೆ ನ್ಯೂಟ್ರೋಫಿಲ್‌ಗಳ ಲೆಕ್ಕ ಸರಿಯಿದ್ದರೂ ಕೆಲಸ ನಿಧಾನ, ಗಾಯದ ಜಾಗಕ್ಕೆ ಬರುವುದೂ ನುಂಗುವುದೂ ಎರಡೂ. ಕಾಲಿಗೆ ರಕ್ತ ಓಡುವುದು ಕಡಿಮೆ, ಸ್ಪರ್ಶವೂ ಮಂದ. ಹಸಿದ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ. ಸೋಂಕಿದ್ದಾಗ ಸಕ್ಕರೆ ತಾತ್ಕಾಲಿಕವಾಗಿಯೂ ಏರುತ್ತದೆ, ಅದಕ್ಕೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನೂ ಮಾಡಿಸಿ, ಅದು 6.5ಕ್ಕಿಂತ ಕಡಿಮೆ ಇರಬೇಕು. ಮಗನಿಗೆ ಎರಡು ದಿನಕ್ಕೆ ವಾಸಿಯಾಗುವುದಕ್ಕೂ ನಿಮಗೆ ಆಗದಿರುವುದಕ್ಕೂ ಬಹುಶಃ ಇಷ್ಟೇ ವ್ಯತ್ಯಾಸ: ಅವನ ಮುಳ್ಳು ಪೂರ್ತಿ ಬಂದಿತ್ತು.

ಪೌಡರ್ ಬೇಡ. ಈ ವ್ಯವಸ್ಥೆಯನ್ನು ವಾಲ್ಯೂಮ್ ಏರಿಸಿದ ಹಾಗೆ ಏರಿಸಲು ಬರುವುದಿಲ್ಲ, ಬಂದರೂ ಏರಿಸಬಾರದು. ಅದು ಹದ್ದು ಮೀರಿದರೆ ಅಲರ್ಜಿ, ಕೀಲುವಾತ. ಸೋಂಕಿನಲ್ಲೇ ಹದ್ದು ಮೀರಿದರೆ ಸೆಪ್ಸಿಸ್, ನಮ್ಮ ಕಡೆ ನಂಜು ಮೈಗೇರಿತು ಎನ್ನುವುದು ಇದನ್ನೇ. ಉಸಿರು ಜೋರಾಗುವುದು, ಮಾತು ತಡವರಿಸುವುದು, ಮೂತ್ರ ಕಡಿಮೆಯಾಗುವುದು, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಏರುವುದು, ಚರ್ಮ ಕಪ್ಪಾಗುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಅವ್ವನವರ ಪಥ್ಯ ಮಾತ್ರ ಇವತ್ತೇ ನಿಲ್ಲಿಸಿ. ಬದನೆಕಾಯಿಯಿಂದ ಕೀವಾಗುವುದಿಲ್ಲ. ದಿನಕ್ಕೆ ಇಷ್ಟು ಕೋಟಿ ಕೋಶ, ಅಷ್ಟೊಂದು ಪ್ರತಿಕಾಯ ತಯಾರಾಗಬೇಕು, ಪ್ರತಿಕಾಯವೆಂದರೆ ಪ್ರೋಟೀನೇ. ಹೊಲದಲ್ಲಿ ಬೆಳೆದ ಶೇಂಗಾವನ್ನೂ ಮನೆಯ ಮೊಟ್ಟೆಯನ್ನೂ ಬಿಟ್ಟು ಬರೀ ಅನ್ನ ತಿಳಿಸಾರು ಉಂಡರೆ ಗಾಯ ತುಂಬುವುದು ಯಾವುದರಿಂದ? ಹಿರಿಯರಿಗೆ ಎದುರಾಡಲು ಸಂಕೋಚವಾದರೆ ಡಾಕ್ಟರ್ ಹೇಳಿದರು ಎನ್ನಿ. ಕಬ್ಬಿಣಾಂಶದ ಟಾನಿಕ್ ಮಾತ್ರ ಜ್ವರವಿರುವಾಗ ಅವಸರದಿಂದ ಶುರುಮಾಡಬೇಡಿ. ಬ್ಯಾಕ್ಟೀರಿಯಾಗೂ ಕಬ್ಬಿಣ ಬೇಕು, ಸೋಂಕಿನ ಹೊತ್ತಿನಲ್ಲಿ ಮೈ ಅದನ್ನು ರಕ್ತದಿಂದ ಹಿಂದೆಗೆದು ಬಚ್ಚಿಟ್ಟುಕೊಳ್ಳುತ್ತದೆ.

ಕೊನೆಗೆ ಟಿಟಿ. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ದನಕುರಿಗಳ ಸಗಣಿ ಹಿಕ್ಕೆಯಲ್ಲಿ ಬೀಜದಂತೆ ವರ್ಷಗಟ್ಟಲೆ ಇರುತ್ತದೆ, ಗಾಳಿಯಾಡದ ಆಳದ ಗಾಯವೇ ಅದಕ್ಕೆ ಬೇಕು. ಅದರ ವಿಷ ಎಷ್ಟು ಉಗ್ರವೆಂದರೆ, ಮನುಷ್ಯನನ್ನು ಕೊಲ್ಲಲು ಬೇಕಾದ ಪ್ರಮಾಣ ಟಿ, ಬಿ ಕೋಶಗಳ ಗಮನಕ್ಕೂ ಬರುವುದಿಲ್ಲ. ರೋಗ ಬಂದು ಬದುಕಿದವರಿಗೂ ಲಸಿಕೆ ಹಾಕಲೇಬೇಕು. ಹಿಂದೆ ಮೂರು ಡೋಸ್ ಪೂರ್ತಿಯಾಗಿದ್ದವರಿಗೆ, ಕೊಳಕು ಗಾಯವಾದರೆ, ಕೊನೆಯ ಡೋಸ್‌ನಿಂದ ಐದು ವರ್ಷ ದಾಟಿರದಿದ್ದರೆ ಮತ್ತೆ ಬೇಡ. ನಿಮ್ಮ ಮೂರು ವರ್ಷ ಆ ಲೆಕ್ಕಕ್ಕೆ ಸರಿ. ಆದರೆ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದದ್ದೇ 1985ರಲ್ಲಿ, ನಿಮಗಾಗ ಏಳೆಂಟು ವರ್ಷ. ಹೆಂಗಸರಿಗೆ ಬಸುರಿಯಲ್ಲಿ ಹಾಕುತ್ತಾರೆ, ನಿಮ್ಮ ವಯಸ್ಸಿನ ಎಷ್ಟೋ ಗಂಡಸರಿಗೆ ಮೊದಲಿನ ಮೂರು ಡೋಸ್ ಬಿದ್ದೇ ಇರುವುದಿಲ್ಲ. ಬೈಕಿನಿಂದ ಬಿದ್ದಾಗ ಹಾಕಿಸಿದ್ದು ಮೊದಲನೆಯದೇ ಆಗಿದ್ದರೆ ಅದೊಂದು ಸಾಲದು. ಕಾರ್ಡ್ ಇಲ್ಲ, ನೆನಪಿಲ್ಲ ಎಂದಾದರೆ ಆಗಿಲ್ಲವೆಂದೇ ತಿಳಿದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಈಗ ಟಿಟಿ ಬದಲು ಡಿಫ್ತೀರಿಯಾ ಲಸಿಕೆಯೂ ಸೇರಿದ ಟಿಡಿ ಕೊಡುತ್ತಾರೆ. ಇಂದೊಂದು, ತಿಂಗಳಿಗೊಂದು, ಆರು ತಿಂಗಳಿಂದ ವರ್ಷದೊಳಗೆ ಇನ್ನೊಂದು. ಇಂಥವರಿಗೆ ಕೊಳಕು ಗಾಯವಾದಾಗ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೂಡ ಬೇಕಾಗಬಹುದು, ಅದನ್ನು ಗಾಯ ನೋಡಿದ ಡಾಕ್ಟರ್ ತೀರ್ಮಾನಿಸಬೇಕು. ರೋಗ ತಲೆಯೆತ್ತುವುದು ಸಾಮಾನ್ಯವಾಗಿ 3ರಿಂದ 21 ದಿನದೊಳಗೆ. ಬಾಯಿ ತೆರೆಯಲು ದವಡೆ ಬಿಗಿ ಅನ್ನಿಸಿದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ. ಮಗನ ಕಾರ್ಡನ್ನೂ ತೆಗೆದು ನೋಡಿ, ಟಿಡಿ ಹತ್ತನೇ ವಯಸ್ಸಿಗೊಂದು, ಹದಿನಾರಕ್ಕೊಂದು ಬೀಳಬೇಕು.